ಇನ್ನೂ ಹಳದಿ ಬಂದಿಲ್ಲ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎಂದು ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ನನಗಂತೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಮುಚ್ಚಿಟ್ಟುಕೊಂಡು ಮುಂದುವರಿಯುವಷ್ಟು ದೊಡ್ಡ ಲೇಖಕ ನಾನಲ್ಲ.

ನಿಜ ಹೇಳಬೇಕೆಂದರೆ ಇದು ಕಥೆಯೇ ಆಗಬೇಕಿರಲಿಲ್ಲ. ವಾರಪತ್ರಿಕೆಯ ಸಂಪಾದಕರು ಫೋನ್ ಮಾಡಿ, ಹವ್ಯಾಸದ ಪುಟಕ್ಕೆ ಒಂದು ಲೇಖನ ಬೇಕು, ಹೊಸದಾಗಿ ಉಪ್ಪುನೀರಿನ ಅಕ್ವೇರಿಯಂ ಇಡುವವರು ಯಾವ ಯಾವ ಸಮುದ್ರಜೀವಿಗಳನ್ನು ಆರಿಸಿಕೊಳ್ಳಬೇಕು ಎಂದು ಸರಳವಾಗಿ ಬರೆದುಕೊಡಿ ಎಂದರು. ನನಗೂ ಸಮುದ್ರಕ್ಕೂ ಇರುವ ಸಂಬಂಧ ಅಡುಗೆ ಉಪ್ಪಿನಷ್ಟೇ ಎಂದೆ. ಅದಕ್ಕೇ ನಿಮ್ಮನ್ನು ಕೇಳುತ್ತಿರುವುದು, ಗೊತ್ತಿರುವವರು ಬರೆದರೆ ಯಾರಿಗೂ ಅರ್ಥವಾಗುವುದಿಲ್ಲ ಎಂದರು. ಈ ಹೊಗಳಿಕೆಯನ್ನು ನುಂಗಿಕೊಂಡು ಬರೆಯಲು ಕೂತೆ.

ಮೊದಲ ವಾಕ್ಯ ಬಂತು: "ಆರಂಭಿಕರಿಗೆ ಹೇಳಿಮಾಡಿಸಿದ ಮೀನೆಂದರೆ ಕ್ಲೌನ್ ಮೀನು." ಎರಡನೆಯ ವಾಕ್ಯ ಬರುವಷ್ಟರಲ್ಲಿ ಆ ಮೀನನ್ನು ಕೊಳ್ಳಲು ಒಬ್ಬ ಹಲ್ಲಿನ ಡಾಕ್ಟರು ಬಂದು ನಿಂತಿದ್ದರು. ಲೇಖನ ಅಲ್ಲಿಗೇ ಕೆಟ್ಟಿತು.

೨ (ಕೈಬಿಟ್ಟ ಆರಂಭ)

"ಡಾಕ್ಟರ ಎದೆಯೊಳಗೆ ಯಾರೂ ಕಾಣದ ಒಂದು ಸಮುದ್ರವಿತ್ತು."

ಇದನ್ನು ಓದಿದ ಡಾಕ್ಟರು ಕೈಗವಸು ಕಳಚುತ್ತಾ, ನನ್ನ ಎದೆಯಲ್ಲಿರುವುದು ಗ್ಯಾಸ್ಟ್ರಿಕ್ ಮಾತ್ರ ಎಂದರು. ವಾಕ್ಯವನ್ನು ಹೊಡೆದುಹಾಕಿದೆ. (ನಿಮಗೆ ಇಷ್ಟವಾಗಿದ್ದರೆ ಹೊಡೆದುಹಾಕಿದ ಗೆರೆಯ ಕೆಳಗೆ ಈಗಲೂ ಓದಬಹುದು. ವಿಮರ್ಶಕರು ಹೇಗೂ ಅಲ್ಲೇ ಓದುವುದು.)

೩

ಆಯಿತು, ನೇರವಾಗಿ ಹೇಳುತ್ತೇನೆ. ಒಂದು ಎರಡಂತಸ್ತಿನ ಕಟ್ಟಡ. ಕೆಳಗೆ ಹಲ್ಲಿನ ಕ್ಲಿನಿಕ್, ಮೇಲೆ ಮನೆ. ಮನೆಗೆ ಹೋಗಲು ಎರಡು ದಾರಿ: ಕ್ಲಿನಿಕ್ಕಿನ ಕಾಯುವ ಕೋಣೆಯ ಒಳಮೆಟ್ಟಿಲಿನ ಮೂಲಕ ಒಂದು, ಹೊರಗಿನ ಮೆಟ್ಟಿಲಿನ ಮೂಲಕ ಇನ್ನೊಂದು. ಈ ಎರಡನೆಯ ದಾರಿಯನ್ನು ನೆನಪಿಟ್ಟುಕೊಳ್ಳಿ. ಕಥೆಯಲ್ಲಿ ಮೆಟ್ಟಿಲು ಬಂದರೆ ಯಾರಾದರೂ ಹತ್ತಲೇಬೇಕು.

ಡಾಕ್ಟರಿಗೆ ಐವತ್ತರ ಆಸುಪಾಸು. ಬಾಯಿ ತೆರೆದುಕೊಂಡು ಮಲಗಿರುವವರ ಜೊತೆ ಮಾತ್ರ ಸಲೀಸಾಗಿ ಮಾತಾಡುವ ಮನುಷ್ಯ. ಎದುರಿನವರಿಗೆ ಉತ್ತರಿಸುವ ಅವಕಾಶವಿದ್ದರೆ ಅವರ ನಾಲಗೆ ಅಂಟಿಕೊಳ್ಳುತ್ತದೆ. ಅವರ ಕಣ್ಣಿನಲ್ಲೂ ಒಂದು ಐಬಿದೆ. ಹಸಿರು, ಹಳದಿ, ತಿಳಿಗಂದು ಎಲ್ಲ ಅವರಿಗೆ ಒಂದೇ ಸಂಸಾರದವು. ಹಲ್ಲಿನ ಡಾಕ್ಟರಿಗೆ ಇದು ತಮಾಷೆಯ ವಿಷಯವಲ್ಲ, ಏಕೆಂದರೆ ಕಟ್ಟಿದ ಹಲ್ಲು ಪಕ್ಕದ ಹಲ್ಲಿನ ಬಣ್ಣಕ್ಕೆ ಹೊಂದಬೇಕು. ಹಾಗಾಗಿ ಬಣ್ಣ ನೋಡುವ ಕೆಲಸವನ್ನು ಅವರು ಹಲ್ಲು ತಯಾರಿಸುವ ಲ್ಯಾಬಿನ ಒಬ್ಬ ಹೆಂಗಸಿಗೆ ಬಿಟ್ಟಿದ್ದರು. ಆಕೆ ಕಿಟಕಿಯ ಬೆಳಕಿಗೆ ರೋಗಿಯ ಗಲ್ಲ ಎತ್ತಿ ಹಿಡಿದು, ಒಂದೇ ಹಲ್ಲಿನ ಬಿಳಿಯಲ್ಲಿ ಹತ್ತು ಥರದ ಬಿಳಿ ಕಂಡುಹಿಡಿಯುವವಳು. ಆಕೆಯ ಕಣ್ಣಿಗೆ ಯಾವತ್ತೂ ಮೋಸವಾಗಿರಲಿಲ್ಲ.

ಈ ಬಣ್ಣ ನೋಡುವ ನೆಪದಲ್ಲೇ ಅವರ ಪರಿಚಯ, ಪರಿಚಯದಿಂದ ಮದುವೆ. ಡಾಕ್ಟರಿಗೆ ಮೊದಲನೆಯದು, ತಡವಾಗಿ. ಆಕೆಗೆ ಎರಡನೆಯದು, ಮೊದಲ ಗಂಡ ತೀರಿಕೊಂಡ ಮೇಲೆ. ಆಕೆಯ ಜೊತೆ ಒಬ್ಬಳು ಮಗಳು ಬಂದಳು. ಹೈಸ್ಕೂಲು ಓದುವ ಹುಡುಗಿ, ಬಾಯಿಗೆ ಬೀಗ.

ಬೀಗ ಡಾಕ್ಟರ ಎದುರಿಗೆ ಮಾತ್ರ ಎಂದು ಸ್ಪಷ್ಟಪಡಿಸಬೇಕು. ಫೋನಿನಲ್ಲಿ ಸೋದರತ್ತೆಯ ಜೊತೆ ಗಂಟೆಗಟ್ಟಲೆ ನಗುತ್ತಾಳೆ. ಡಾಕ್ಟರಿಗೆ ಏನಾದರೂ ಹೇಳಬೇಕಿದ್ದರೆ ಅವರು ಅಲ್ಲೇ ಎದುರಿಗೆ ಕೂತಿದ್ದರೂ, "ಅಮ್ಮಾ, ಅವರಿಗೆ ಹೇಳು, ಫ್ಯಾನ್ ಆಫ್ ಮಾಡ್ಬೇಕು ಅಂತ" ಎನ್ನುತ್ತಾಳೆ. ಅಪ್ಪ ಅಲ್ಲ, ಅಂಕಲ್ ಅಲ್ಲ, ಏನೂ ಅಲ್ಲ. ಶಾಲೆಯಿಂದ ಬಂದವಳು ಹೊರಗಿನ ಮೆಟ್ಟಿಲು ಹತ್ತಿ ಸೀದಾ ತನ್ನ ಕೋಣೆ ಸೇರಿಬಿಡುತ್ತಾಳೆ.

(ನೋಡಿ, ಮೆಟ್ಟಿಲು ಹತ್ತಿದ್ದಾಯಿತು.)

೩, ಮತ್ತೆ

ಅಮ್ಮ–ಮಗಳ ನಡುವೆ ಒಂದು ಒಪ್ಪಂದವಿತ್ತು. ಈ ವರ್ಷದ ಪರೀಕ್ಷೆ ಮುಗಿಯುವವರೆಗೆ ಇಲ್ಲಿರು, ಆಮೇಲೂ ಹೋಗಬೇಕೆನ್ನಿಸಿದರೆ ನಾನೇ ನಿನ್ನ ಅತ್ತೆಯ ಮನೆಗೆ ಬಿಟ್ಟುಬರುತ್ತೇನೆ, ಅಲ್ಲೇ ಓದು ಎಂದು ಅಮ್ಮ ಮಾತು ಕೊಟ್ಟಿದ್ದಳು. ಅತ್ತೆ ಎಂದರೆ ತೀರಿಹೋದ ಅಪ್ಪನ ಅಕ್ಕ. ಒಳ್ಳೆಯ ಹೆಂಗಸು. ಕಥೆಗೆ ಒಬ್ಬ ಕೆಟ್ಟ ಅತ್ತೆ ಸಿಕ್ಕಿದ್ದರೆ ನನ್ನ ಕೆಲಸ ಎಷ್ಟು ಹಗುರವಾಗುತ್ತಿತ್ತು! ಈಕೆಯೋ ಹುಡುಗಿಗೆಂದು ಹೊಸ ಮಂಚ ತರಿಸಿ, ಕಿಟಕಿಗೆ ಪರದೆ ಕೂಡ ಹೊಲಿಸಿಟ್ಟಿದ್ದಾಳೆ.

ಡಾಕ್ಟರಿಗೆ ಈ ಒಪ್ಪಂದ ಗೊತ್ತು. ಹುಡುಗಿ ಹೋಗುವುದು ಅವರಿಗೆ ಬೇಡ. ಯಾಕೆ ಬೇಡ ಎಂದು ನಾನು ಕೇಳಿದೆ. ಮಾತೇ ಆಡದ ಹುಡುಗಿ ಹೋದರೆ ನಿಮಗೇನು ನಷ್ಟ, ಮನೆಯ ಗದ್ದಲವೂ ಅಷ್ಟೇ ಇರುತ್ತದೆ ಎಂದೆ. ಅವರು ನನ್ನನ್ನು ದುರುಗುಟ್ಟಿ ನೋಡಿ, ಊಟಕ್ಕೆ ಮೂರು ತಟ್ಟೆ ಇಡೋದು ಅಭ್ಯಾಸ ಆಗಿದೆ ಎಂದರು. ಅದಕ್ಕಿಂತ ಹೆಚ್ಚು ಅವರ ಬಾಯಿಂದ ಹೊರಡಿಸಲು ನನ್ನ ಕೈಲಾಗಲಿಲ್ಲ. ಬೇರೆಯವರ ಬಾಯಿ ತೆರೆಸಿ ಬದುಕುವವರು ತಮ್ಮದನ್ನು ಬಿಗಿಯಾಗಿ ಮುಚ್ಚಿಕೊಂಡಿರುತ್ತಾರೆ.

೪

(ನಾಲ್ಕನೆಯದನ್ನು ಹರಿದುಹಾಕಿದ್ದೇನೆ. ಅದರಲ್ಲಿ ಸೂರ್ಯಾಸ್ತವಿತ್ತು.)

೫: ಅಂತೂ ಮೀನಿನ ವಿಷಯ

ಡಾಕ್ಟರು ಕಾಯುವ ಕೋಣೆಯಲ್ಲಿ ಉಪ್ಪುನೀರಿನ ತೊಟ್ಟಿ ಇಡಬೇಕೆಂದು ತೀರ್ಮಾನಿಸಿದರು. ರೋಗಿಗಳ ಭಯ ಕಡಿಮೆಯಾಗಲಿ ಅಂತ ಎಂದು ಹೆಂಡತಿಗೆ ಹೇಳಿದರು. ಹೆಂಡತಿ ನಂಬಿದಂತೆ ಮುಖ ಮಾಡಿದಳು. ಹುಡುಗಿ ಊಟದ ಹೊತ್ತಿನಲ್ಲಿ ಫೋನಿನಲ್ಲಿ ಸಮುದ್ರದೊಳಗಿನ ವಿಡಿಯೋಗಳನ್ನು ನೋಡುತ್ತಿರುವುದನ್ನು ಡಾಕ್ಟರು ಓರೆಗಣ್ಣಿನಿಂದ ಗಮನಿಸಿದ್ದರು ಎಂಬುದು ಇಬ್ಬರಿಗೂ ಗೊತ್ತಿತ್ತು.

ಒಂದು ಭಾನುವಾರ ಮೂವರೂ ಉಪ್ಪಕ್ಕನ ಅಂಗಡಿಗೆ ಹೋದರು. ಉಪ್ಪಕ್ಕ ಅಂಗಡಿಯ ಒಡತಿ. ಮೀನಿಗಿಂತ ಸಮುದ್ರದ ಉಪ್ಪನ್ನು ಮೂಟೆಗಟ್ಟಲೆ ಮಾರುವುದರಿಂದ ಆ ಹೆಸರು. ಬಂದವರಿಗೆ ಏನು ಬೇಕೋ ಅದನ್ನಲ್ಲ, ತನ್ನಲ್ಲಿ ಏನು ಉಳಿದಿದೆಯೋ ಅದನ್ನು ದಾಟಿಸುವ ಜಾಣೆ.

ಈಗ ನೋಡಿ, ಕಥೆ ಬರೆಯುವುದನ್ನು ಕಲಿಸುವ ಶಿಬಿರಗಳಲ್ಲಿ ಒಂದು ಪಾಠವಿರುತ್ತದೆ: ಪ್ರತಿ ಪಾತ್ರವೂ ಒಂದೊಂದು ವಸ್ತುವನ್ನು ಆರಿಸಬೇಕು, ಆ ಆಯ್ಕೆಯಲ್ಲೇ ಅದರ ಸ್ವಭಾವ ಬಯಲಾಗಬೇಕು. ನಾನು ಎರಡು ಸಲ ಶಿಬಿರಕ್ಕೆ ಹೋದವನು. ಆದ್ದರಿಂದ ಎಲ್ಲರೂ ಒಂದೊಂದು ಮೀನು ಆರಿಸುವಂತೆ ಮಾಡುತ್ತೇನೆ. ಸಂಪಾದಕರ ಪುಟವೂ ತುಂಬುತ್ತದೆ.

ಉಪ್ಪಕ್ಕ ಮುಂದೆ ಮಾಡಿದ್ದು ಡ್ಯಾಮ್ಸೆಲ್. ಕಿರುಬೆರಳಿನಷ್ಟು ಉದ್ದದ ನೀಲಿ ಮೀನು. "ಮೊದಲು ಇದನ್ನ ಬಿಡಿ ಸಾರ್. ಏನ್ ಮಾಡಿದ್ರೂ ಸಾಯಲ್ಲ," ಎಂದಳು. ನಿಜ, ಅದು ಸಾಯುವುದಿಲ್ಲ. ಉಳಿದವನ್ನು ಸಾಯಿಸುತ್ತದೆ. ತೊಟ್ಟಿಗೆ ಮೊದಲು ಬಂದ ಡ್ಯಾಮ್ಸೆಲ್ ಇಡೀ ತೊಟ್ಟಿ ತನ್ನಪ್ಪನ ಆಸ್ತಿ ಎಂದುಕೊಂಡು, ಆಮೇಲೆ ಬಂದವರನ್ನು ಮೂಲೆಗೆ ಅಟ್ಟಿ ಕಚ್ಚುತ್ತದೆ. ಆರಂಭಿಕರೇ, ಇದರ ತಂಟೆ ಬೇಡ. ಬೇಕೇ ಬೇಕೆಂದರೆ ಎಲ್ಲರಿಗಿಂತ ಕೊನೆಗೆ ಬಿಡಿ. (ಮೊದಲು ಬಂದವರು, ಆಮೇಲೆ ಬಂದವರು ಎಂಬ ಮಾತು ಎದ್ದಾಗ ಮೂವರಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಇದನ್ನು ನಾನು ಬರೆಯಲಿಲ್ಲ, ಅದು ತಾನಾಗಿಯೇ ಆಯಿತು.)

ಡಾಕ್ಟರಿಗೆ ಹಿಡಿಸಿದ್ದು ಬ್ಲೂ ಟ್ಯಾಂಗ್, ದಟ್ಟ ನೀಲಿಯ ಅಗಲ ಮೀನು. ನೀಲಿ ಅವರಿಗೆ ಅನುಮಾನವಿಲ್ಲದೆ ಕಾಣುವ ಬಣ್ಣ. ಅದು ಊಟದ ತಟ್ಟೆಯಷ್ಟಾಗುತ್ತದೆ, ಈಜಲು ಕೋಣೆಯಷ್ಟು ಜಾಗ ಬೇಕು. ತೊಟ್ಟಿ ಎಷ್ಟಿರುತ್ತದೋ ಅದು ಅಷ್ಟೇ ಬೆಳೆಯುತ್ತದೆ ಎಂದು ಉಪ್ಪಕ್ಕ ಸಮಾಧಾನ ಹೇಳಿದಳು. ಸಣ್ಣ ಚಪ್ಪಲಿ ತೊಡಿಸಿದರೆ ಮಗುವಿನ ಕಾಲು ಬೆಳೆಯುವುದಿಲ್ಲ ಎನ್ನುವಷ್ಟೇ ಸತ್ಯ ಇದು. ಆರಂಭಿಕರೇ, ಇದನ್ನೂ ಬಿಟ್ಟುಬಿಡಿ.

ಹೆಂಡತಿ ಕಿತ್ತಳೆ–ಬಿಳಿ ಪಟ್ಟೆಯ ಕ್ಲೌನ್ ಜೋಡಿಯನ್ನು ತೋರಿಸಿದಳು. ಸಭ್ಯ ಆಯ್ಕೆ. ಗಟ್ಟಿಮುಟ್ಟು, ಹಾಕಿದ್ದನ್ನು ತಿನ್ನುತ್ತವೆ, ಅಷ್ಟಾಗಿ ಕಾಲು ಕೆರೆದು ಜಗಳಕ್ಕೆ ಹೋಗುವುದಿಲ್ಲ. ಈ ಮೀನುಗಳೆಲ್ಲ ಹುಟ್ಟುವಾಗ ಗಂಡೇ, ಜೋಡಿಯಲ್ಲಿ ದೊಡ್ಡದು ಹೆಣ್ಣಾಗಿ ಯಜಮಾನಿಕೆ ವಹಿಸಿಕೊಳ್ಳುತ್ತದೆ ಎಂದು ಉಪ್ಪಕ್ಕ ವಿವರಿಸಿದಾಗ, ನಮ್ಮ ಲ್ಯಾಬಿನಲ್ಲೂ ಹಾಗೇ ಎಂದಳು ಆಕೆ.

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಮ್ಯಾಂಡರಿನ್ ಎನ್ನುತ್ತಿದ್ದೆ. ಮೈತುಂಬ ಚಿತ್ತಾರ, ನೋಡಿದವರು ಕಣ್ಣು ಕೀಳುವುದಿಲ್ಲ. ಆದರೆ ಕಲ್ಲಿನ ಮೇಲೆ ಹರಿದಾಡುವ ಕಣ್ಣಿಗೆ ಕಾಣದಂಥ ಜೀವಂತ ಹುಳಗಳು ಬಿಟ್ಟರೆ ಸಾಮಾನ್ಯವಾಗಿ ಬೇರೇನೂ ಮುಟ್ಟದೆ, ಹೊಸಬರ ತೊಟ್ಟಿಯಲ್ಲಿ ಅಂದವಾಗಿ ಉಪವಾಸ ಬಿದ್ದು ಸಾಯುತ್ತದೆ. ಸಾಹಿತಿಗಳಿಗೆ ಸೂಕ್ತ.

ಹುಡುಗಿ ಕೈಕಟ್ಟಿಕೊಂಡು ಮೂಲೆಯ ಒಂದು ತೊಟ್ಟಿಯ ಮುಂದೆ ನಿಂತಿದ್ದಳು. ಅದರಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಮರಳು, ಮರಳಿನಲ್ಲೊಂದು ಬಿಲ, ಬಿಲದ ಬಾಯಲ್ಲಿ ಗಂಟುಮುಖದ ಮಂಕು ಬಣ್ಣದ ಒಂದು ಪುಟ್ಟ ಮೀನು. ಅದರ ಬೆನ್ನ ಹಿಂದಿನಿಂದ ಒಂದು ಸೀಗಡಿ ಮರಳು ಹೊತ್ತುಕೊಂಡು ಬಂದು ಹೊರಗೆ ಚೆಲ್ಲಿ ಒಳಗೆ ಹೋಗುತ್ತಿತ್ತು.

"ಅಮ್ಮಾ, ಅವರಿಗೆ ಹೇಳು," ಎಂದಳು. "ಈ ಸೀಗಡಿಗೆ ಕಣ್ಣು ಸರಿಯಾಗಿ ಕಾಣಲ್ಲ. ಬಿಲ ತೋಡೋದು ಇದು, ಕಾವಲು ಕಾಯೋದು ಮೀನು. ಇದು ಹೊರಗೆ ಬಂದಾಗೆಲ್ಲ ಮೀಸೆನ ಮೀನಿನ ಮೈಗೆ ತಾಗಿಸಿಕೊಂಡೇ ಇರುತ್ತೆ. ಮೀನು ಬಾಲ ಅಲ್ಲಾಡಿಸಿದ್ರೆ ಇಬ್ರೂ ಒಳಗೆ."

ಆ ಮನೆಗೆ ಬಂದ ಮೇಲೆ ಅವಳು ಒಂದೇ ಉಸಿರಿಗೆ ಆಡಿದ ಅತಿ ಉದ್ದದ ಮಾತು ಅದು. ಡಾಕ್ಟರು ಬ್ಲೂ ಟ್ಯಾಂಗಿಗೆ ಎಳ್ಳುನೀರು ಬಿಟ್ಟು, ಇದೇ ಇರಲಿ ಎಂದರು. ಗೋಬಿ ಎಂದು ಈ ಮೀನಿನ ಹೆಸರು. ಹೊಸಬರಿಗೆ ನಿಜಕ್ಕೂ ಒಳ್ಳೆಯದು, ಸಂಪಾದಕರು ಗಮನಿಸಬೇಕು.

(ಕಣ್ಣಿನ ಐಬಿರುವ ಸೀಗಡಿ, ಕಣ್ಣಿನ ಐಬಿರುವ ಡಾಕ್ಟರು. ಏನೋ ಹೊಳೆಯಿತೇ ಓದುಗರೇ? ಹೊಳೆದಿದ್ದರೆ ನಿಮ್ಮಲ್ಲೇ ಇಟ್ಟುಕೊಳ್ಳಿ. ಸಂಸಾರವೆಂಬ ಸಾಗರ ಎಂದು ಬರೆದವರ ಗತಿ ಏನಾಗಿದೆ ಎಂದು ನನಗೆ ಗೊತ್ತು.)

೬

ಆದರೆ ಅವತ್ತು ಯಾವ ಮೀನೂ ಮನೆಗೆ ಬರಲಿಲ್ಲ. ಈ ಒಂದು ವಿಷಯದಲ್ಲಿ ಉಪ್ಪಕ್ಕ ಮಾರುವ ಆಸೆಯನ್ನು ಅದುಮಿಟ್ಟುಕೊಂಡಳು. ನೀರು ಹದಕ್ಕೆ ಬರಬೇಕು. ಉಪ್ಪು ಕಲಸಿ, ಕಲ್ಲು ಜೋಡಿಸಿ, ಮರಳು ಹಾಸಿ, ಖಾಲಿ ತೊಟ್ಟಿಯನ್ನು ವಾರಗಟ್ಟಲೆ ಓಡಿಸಬೇಕು. ಬೇಕೆಂದೇ ನೀರಿಗೆ ಸ್ವಲ್ಪ ಅಮೋನಿಯಾ ಹಾಕಬೇಕು. ಕಲ್ಲಿನ ಮೇಲೆ ಲೋಳೆಯಂತೆ ಬೆಳೆಯುವ ಬ್ಯಾಕ್ಟೀರಿಯಾ ಆ ವಿಷವನ್ನು ತಿಂದು ಮುಗಿಸುವುದನ್ನು ಕಲಿಯಬೇಕು. ಕಲಿತಿವೆಯೋ ಇಲ್ಲವೋ ಎಂದು ತಿಳಿಯಲು ಗಾಜಿನ ಪುಟ್ಟ ಕೊಳವೆಯಲ್ಲಿ ನೀರು ಹಿಡಿದು, ಔಷಧಿಯ ಹನಿ ಹಾಕಿ ಕುಲುಕಿ ಬಣ್ಣ ನೋಡಬೇಕು. ಹಸಿರು ಬಂದರೆ ಇನ್ನೂ ವಿಷವಿದೆ. ಹಳದಿ ಬಂದರೆ ಮೀನು ಬಿಡಬಹುದು.

ಹಸಿರು, ಇಲ್ಲವೇ ಹಳದಿ. ಇದನ್ನು ಕೇಳಿ ಡಾಕ್ಟರ ಮುಖ ಬಾಡಿತು. ಹೆಂಡತಿಯ ಕಡೆ ನೋಡಿದರು. ದಿನವಿಡೀ ಬಣ್ಣ ನೋಡಿ ನನ್ನ ಕಣ್ಣು ಬಿದ್ದುಹೋಗಿದೆ, ಸಂಜೆಗೆ ನನ್ನನ್ನು ಬಿಡಿ ಎಂದಳು ಆಕೆ. ಸುಳ್ಳು ಎಂದು ನನಗೆ ಗೊತ್ತಾಯಿತು. ಆದರೆ ಆ ಮಾತು ಎಷ್ಟು ಸರಿಯಾದ ಜಾಗದಲ್ಲಿ ಬಿದ್ದಿತ್ತೆಂದರೆ ತಿದ್ದಲು ಮನಸ್ಸಾಗಲಿಲ್ಲ.

"ನಾನು ನೋಡ್ತೀನಿ," ಎಂದಳು ಹುಡುಗಿ, ಅಮ್ಮನಿಗೆ. "ಮೀನು ಬಿಡೋವರೆಗೆ. ಆಮೇಲೆ ಅತ್ತೆ ಮನೆ."

ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವ ಜಾತಿಯವಳಲ್ಲ. ಹಾಗೆ ಒಪ್ಪಂದಕ್ಕೆ ಇನ್ನೊಂದು ಕಲಮು ಸೇರಿತು.

೭

ಕಾಯುವ ಕೋಣೆಯಲ್ಲಿ ದೊಡ್ಡ ತೊಟ್ಟಿ, ದೊಡ್ಡ ದೀಪ, ಗುಳುಗುಳು ಸದ್ದು, ಒಳಗೆ ಬರೀ ಕಲ್ಲು. ಬಂದ ರೋಗಿಗಳೆಲ್ಲ ಊದಿದ ಕೆನ್ನೆ ಹಿಡಿದುಕೊಂಡು ಬಗ್ಗಿ ನೋಡಿ, ಮೀನು ಎಲ್ಲಿ ಎಂದು ಕೇಳುತ್ತಿದ್ದರು. ಬರುತ್ತೆ, ಬರುತ್ತೆ ಎನ್ನುತ್ತಿದ್ದರು ಡಾಕ್ಟರು. ಇದೇ ಹೊತ್ತಿಗೆ ಸಂಪಾದಕರಿಂದಲೂ ಮೆಸೇಜು ಬಂತು: "ಅರ್ಧ ಓದಿದೆ. ಮೀನು ಎಲ್ಲಿ?"

ಹುಡುಗಿ ಹೊರಗಿನ ಮೆಟ್ಟಿಲು ಬಿಟ್ಟಳು. ಶಾಲೆಯಿಂದ ಬಂದವಳು ಬ್ಯಾಗು ಹೆಗಲಲ್ಲೇ ಇಟ್ಟುಕೊಂಡು ಕಾಯುವ ಕೋಣೆಗೆ ಬಂದು, ಕೊಳವೆ ಕುಲುಕಿ, ಬಣ್ಣ ತಿರುಗುವವರೆಗೆ ಬೆಂಚಿನ ಮೇಲೆ ಕೂರುತ್ತಿದ್ದಳು. ಸಂಜೆಯ ರೋಗಿಗಳು ಬರುವ ಮುಂಚಿನ ಹೊತ್ತು. ಡಾಕ್ಟರೂ ಕೈ ಒರೆಸಿಕೊಳ್ಳುತ್ತಾ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂರುವುದು ರೂಢಿಯಾಯಿತು. ಇಬ್ಬರೂ ಕಲ್ಲು ನೋಡುತ್ತಿದ್ದರು. ಕೊನೆಗೆ ಅವಳು ಗಾಳಿಗೆ ಹೇಳಿದಂತೆ, ಹಸಿರು ಎನ್ನುವಳು. ಅವರು ತಲೆಯಾಡಿಸುವರು.

ಇದನ್ನು ಇನ್ನೂ ಸ್ವಲ್ಪ ಎಳೆದು ಬರೆದಿದ್ದೆ. ಓದುವಾಗ ಕೈ ತಾನಾಗಿ ಕರವಸ್ತ್ರ ಹುಡುಕಿತು. ವ್ಯಂಗ್ಯದ ಲೇಖಕನಿಗೆ ಇದು ವೃತ್ತಿಧರ್ಮವಲ್ಲ ಎಂದು ಅರ್ಧ ಪುಟ ಕತ್ತರಿಸಿದೆ.

ಕಲ್ಲುಗಳು ನಿಧಾನವಾಗಿ ಕಂದು ಬಣ್ಣಕ್ಕೆ ತಿರುಗಿದವು. ಪರೀಕ್ಷೆ ಮುಗಿಯಿತು. ಅತ್ತೆ ಫೋನ್ ಮಾಡಿ ಪರದೆಯ ಬಣ್ಣ ಹೇಳಿದಳು. ಒಂದು ಶನಿವಾರ ಹುಡುಗಿ ಕೊಳವೆಯನ್ನು ದೀಪಕ್ಕೆ ಹಿಡಿದು, ಸುಮಾರು ತಿಳಿಯಾಗಿದೆ, ಸೋಮವಾರದ ಹೊತ್ತಿಗೆ ಹಳದಿ ಬರುತ್ತೆ ಎಂದು ಗಾಳಿಗೆ ತಿಳಿಸಿದಳು.

೮

ಭಾನುವಾರ ಅಮ್ಮ–ಮಗಳು ಊರಿಗೆ ಒಯ್ಯುವ ಪೆಟ್ಟಿಗೆ ಕೊಳ್ಳಲು ಪೇಟೆಗೆ ಹೋದರು. ಕ್ಲಿನಿಕ್ಕಿಗೆ ರಜೆ. ಡಾಕ್ಟರು ತೊಟ್ಟಿಯ ಮುಂದೆ ನಿಂತು, ಅಂಗಿಯ ತೋಳು ಮಡಚಿ, ಒಂದೊಂದೇ ಕಲ್ಲನ್ನು ಹೊರತೆಗೆದರು. ಹಲ್ಲುಜ್ಜುವ ಬ್ರಷ್ಷಿನಿಂದ ಲೋಳೆ ಉಜ್ಜಿದರು. ಆಮೇಲೆ ಉಪಕರಣಗಳ ಕ್ರಿಮಿ ಕೊಲ್ಲುವ ಆಟೋಕ್ಲೇವ್ ಎಂಬ ಹಬೆಯ ಪೆಟ್ಟಿಗೆಯಲ್ಲಿ ಇಕ್ಕಳ, ಕನ್ನಡಿಗಳ ಬದಲು ಕಲ್ಲುಗಳನ್ನು ಜೋಡಿಸಿ, ಬಾಗಿಲು ತಿರುಗಿಸಿ ಬೇಯಿಸಿದರು. ಮರಳಿಗೆ ಕುದಿಯುವ ನೀರು ಸುರಿದು ತೊಳೆದರು. ಫಿಲ್ಟರಿನ ಸ್ಪಂಜನ್ನೂ ಬಿಡಲಿಲ್ಲ.

(ಆರಂಭಿಕರೇ, ಇದನ್ನು ಅನುಕರಿಸಬೇಡಿ. ಸಮುದ್ರದಿಂದ ತಂದ ಕೆಲವು ಕಲ್ಲುಗಳ ಹಬೆಯೇ ವಿಷ. ಉಪ್ಪಕ್ಕ ಮಾರಿದ್ದು ಒಣ ಕಲ್ಲಾದ್ದರಿಂದ ನನ್ನ ನಾಯಕ ಬದುಕಿಕೊಂಡ.)

ನಾನಿದನ್ನು ಬರೆದದ್ದು ತಮಾಷೆಯ ಪ್ರಸಂಗವಾಗಿ. ಹೇಗಿದೆ ನೋಡಿ: ಬದುಕಿಡೀ ಹಲ್ಲಿನ ಮೇಲಿನ ಲೋಳೆಯನ್ನು ಶತ್ರುವೆಂದು ಕೆರೆದ ಮನುಷ್ಯ, ಕಲ್ಲಿನ ಮೇಲಿನ ಲೋಳೆ ಕಂಡು ಸುಮ್ಮನಿರಲಾರದೆ, ತೊಟ್ಟಿಯ ಜೀವವನ್ನೇ ಬೇಯಿಸಿ ಹಾಕುತ್ತಾನೆ. ಹಲ್ಲಿನ ಡಾಕ್ಟರು ಮಾತ್ರ ಮಾಡಬಹುದಾದ ತಪ್ಪು. ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಸೋಮವಾರ ಹುಡುಗಿ ಬಂದಳು. ಕೊಳವೆ ಕುಲುಕುವ ಅಗತ್ಯವೇ ಇರಲಿಲ್ಲ. ಕಲ್ಲುಗಳು ಆಗಷ್ಟೇ ಕ್ಲೀನ್ ಮಾಡಿಸಿಕೊಂಡ ಹಲ್ಲಿನ ಸಾಲಿನಂತೆ ಬೆಳ್ಳಗೆ ಹೊಳೆಯುತ್ತಿದ್ದವು. ಆದರೂ ಕುಲುಕಿದಳು. ಹಸಿರು ಎಷ್ಟು ಗಾಢವಾಗಿತ್ತೆಂದರೆ ಡಾಕ್ಟರಿಗೂ ಏನೋ ಬೇರೆ ಎನ್ನಿಸಿರಬೇಕು.

ಅಮ್ಮ ಅಲ್ಲಿರಲಿಲ್ಲ. ಹೇಳಿ ಕಳಿಸಲು ಯಾರೂ ಇರಲಿಲ್ಲ. ಹುಡುಗಿ ಮೊದಲ ಸಲ ಬೆಂಚಿನ ಇನ್ನೊಂದು ತುದಿಯ ಕಡೆ ತಿರುಗಿದಳು.

"ಅದು ಹಲ್ಲಲ್ಲ," ಎಂದಳು.

ಇಲ್ಲಿ ಡಾಕ್ಟರಿಗೆ ನಾನು ಬರೆದುಕೊಟ್ಟಿದ್ದ ಮಾತು, "ಅಯ್ಯೋ, ನನಗೆ ಗೊತ್ತಿರಲಿಲ್ಲಮ್ಮ." ಅದನ್ನು ಅವರು ಹೇಳಲಿಲ್ಲ.

"ಗೊತ್ತು," ಎಂದರು.

೯: ಲೇಖಕನ ಅಳಲು

ಇದೆಂಥ ಅನ್ಯಾಯ. ನಾನು ಪೆನ್ನು ಕೆಳಗಿಟ್ಟು ಡಾಕ್ಟರನ್ನು ತರಾಟೆಗೆ ತೆಗೆದುಕೊಂಡೆ. ನೀವು ಏನೂ ಅರಿಯದ ಪೆದ್ದನಾಗಿದ್ದರೆ ಓದುಗರು ನಗುತ್ತಿದ್ದರು, ಕಥೆ ಹಗುರಾಗಿ ಸಾಗುತ್ತಿತ್ತು, ಈಗ ನೋಡಿ, ಬೇಕೆಂದೇ ಬೇಯಿಸಿದ್ದು ಎಂದು ಒಪ್ಪಿಕೊಂಡು ನನ್ನ ವ್ಯಂಗ್ಯಕ್ಕೆ ಮಣ್ಣು ಹಾಕಿದಿರಿ ಎಂದೆ.

ಅವರು ಶಾಂತವಾಗಿ, ದಿನಾ ಆಟೋಕ್ಲೇವ್ ಓಡಿಸೋ ನನಗೆ ಅದು ಏನನ್ನು ಕೊಲ್ಲುತ್ತೆ ಅಂತ ತಿಳಿದಿರಲಿಲ್ಲ ಅಂತ ಬರೆದರೆ ಯಾರು ನಂಬ್ತಾರೆ ಎಂದು ಕೇಳಿದರು. ಮಾತು ತಿರುಗಿಸಿದೆ. ಹೇಳಿ ಉಳಿಸಿಕೊಳ್ಳಬಹುದಿತ್ತಲ್ಲ, ಹೋಗಬೇಡ ಅನ್ನಬಹುದಿತ್ತಲ್ಲ ಎಂದೆ.

"ಹೋಗಬೇಡ ಅನ್ನೋಕೆ ನಾನು ಯಾರು?" ಎಂದರು. "ಕಲ್ಲು ಬೇಯಿಸೋದಕ್ಕಾದ್ರೆ ಯಾರ ಅಪ್ಪಣೆನೂ ಬೇಕಿಲ್ಲ."

ಹುಡುಗಿ ಏನು ಮಾಡಿದಳು? ಅಳಲಿಲ್ಲ, ಕೂಗಾಡಲಿಲ್ಲ, ಬಾಗಿಲು ಬಡಿಯಲಿಲ್ಲ. ಈ ಮೂರನ್ನೂ ಒಂದಾದ ಮೇಲೊಂದು ಬರೆದು ನೋಡಿದೆ, ಅವಳು ಕ್ಯಾರೇ ಅನ್ನಲಿಲ್ಲ. ಬೆಂಚಿನಿಂದ ಎದ್ದು ಅಮೋನಿಯಾ ಸೀಸೆಯನ್ನು ಬೀರುವಿನ ಒಳಕ್ಕೆ ತಳ್ಳಿ, ಸತ್ತ ಕೊಳೆಯೇ ಸಾಕಷ್ಟಿದೆ, ಇದು ಈಗ ಬೇಡ ಎಂದು ಹೇಳಿ ಮೇಲೆ ಹೋದಳು. ಒಳಗಿನ ಮೆಟ್ಟಿಲಿನಿಂದ.

೧೦: ಬೇಕಾದವರಿಗೆ ಬೇಕಾದ ಕೊನೆ

(ಕ) ಕಣ್ಣೀರಿನ ಕೊನೆ. ಹುಡುಗಿ ಓಡಿಬಂದು ಡಾಕ್ಟರನ್ನು ಅಪ್ಪಾ ಎಂದು ತಬ್ಬಿಕೊಳ್ಳುತ್ತಾಳೆ. ನೀವು ಮೂರನೆಯ ಭಾಗದಿಂದಲೂ ಇದನ್ನೇ ಕಾಯುತ್ತಿದ್ದೀರಿ ಎಂದು ನನಗೆ ಗೊತ್ತು. ಹುಡುಗಿಗೆ ಈ ಕೊನೆಯನ್ನು ಓದಿ ಹೇಳಿದೆ. ಅಪ್ಪ ನಂಗಿದ್ರು ಎಂದಳು. ಹರಿದುಹಾಕಿದೆ.

(ಖ) ನ್ಯಾಯದ ಕೊನೆ. ಮೋಸ ಮಾಡಿದ ಡಾಕ್ಟರಿಗೆ ಶಾಸ್ತಿಯಾಗಬೇಕು. ಹುಡುಗಿ ಪೆಟ್ಟಿಗೆ ಎತ್ತಿಕೊಂಡು ಅಂದೇ ಹೊರಡುತ್ತಾಳೆ, ಊಟದ ಮೇಜಿನ ಮೇಲೆ ಮೂರನೆಯ ತಟ್ಟೆ ಉಳಿಯುತ್ತದೆ. ಇದನ್ನು ಬರೆದು ಮುಗಿಸಿದಾಗ ಹೆಂಡತಿ ನನ್ನನ್ನು ಲ್ಯಾಬಿನ ಕಿಟಕಿಯ ಬೆಳಕಿಗೆ ನಿಲ್ಲಿಸಿ, ನಿಮ್ಮ ಮುಂದಿನ ಹಲ್ಲು ಸ್ವಲ್ಪ ಅಲ್ಲಾಡ್ತಿದೆಯಲ್ಲ ಎಂದಳು. ಅದನ್ನೂ ಹರಿದುಹಾಕಿದೆ.

(ಗ) ಸಂಪಾದಕರ ಕೊನೆ. ತೊಟ್ಟಿಗೆ ಮೊದಲು ಗೋಬಿ ಮತ್ತು ಸೀಗಡಿ, ಕೆಲವು ವಾರ ಬಿಟ್ಟು ಕ್ಲೌನ್ ಜೋಡಿ, ಪಾಚಿ ತಿನ್ನಲು ನಾಲ್ಕಾರು ಬಸವನಹುಳು, ಮೀನು ಜಿಗಿಯದಂತೆ ಮೇಲೊಂದು ಮುಚ್ಚಳ. ಎಲ್ಲರೂ ಸುಖವಾಗಿರುತ್ತಾರೆ. ಇದು ಸರಿಯಾದ ಸಲಹೆ, ಬೇಕಿದ್ದರೆ ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳಿ. ಆದರೆ ಇದನ್ನು ಬರೆದ ಗಳಿಗೆಯಲ್ಲಿ ತೊಟ್ಟಿಯಲ್ಲಿ ಹಸಿರು ವಿಷವಿತ್ತು. ನನ್ನ ಕಥೆ ಮುಗಿಯಲಿ ಎಂದು ಒಂದು ಗಂಟುಮುಖದ ಮೀನನ್ನು ಕೊಲ್ಲಲು ನನಗೆ ಮನಸ್ಸು ಬರಲಿಲ್ಲ.

೧೧

ಹಾಗಾಗಿ ಎರಡನೆಯ ಸುತ್ತು ನಡೆಯಿತು. ರಜೆಯಾದ್ದರಿಂದ ಹುಡುಗಿ ಈಗ ಮಧ್ಯಾಹ್ನವೇ ಕೆಳಗೆ ಬರುತ್ತಿದ್ದಳು. ರೋಗಿಗಳು ಮೀನು ಎಲ್ಲಿ ಎಂದರೆ ಅವಳೇ ಉತ್ತರಿಸುತ್ತಿದ್ದಳು, ಬ್ಯಾಕ್ಟೀರಿಯಾದ ಮೇಲೆ ಉದ್ದದ ಪಾಠವನ್ನೇ ಕೊಡುತ್ತಿದ್ದಳು. ಬಾಯಿಗೆ ಹತ್ತಿ ತುರುಕಿಕೊಂಡವರು ಪಿಟಕ್ಕೆನ್ನದೆ ಕೇಳುತ್ತಿದ್ದರು. ಈ ಚಾಳಿಯನ್ನು ಅವಳು ಯಾರಿಂದ ಕಲಿತಳು ಎಂದು ನಾನು ಹೇಳಬೇಕಿಲ್ಲ. ಡಾಕ್ಟರಿಗೂ ಒಂದು ಹೆಸರು ದಕ್ಕಿತು. ಎಲ್ಲ ರೋಗಿಗಳೂ ಕರೆಯುವ ಹೆಸರೇ, ಡಾಕ್ಟ್ರೇ ಎಂದು. ಆದರೂ ನೇರವಾಗಿ ಕರೆಯುತ್ತಿದ್ದಳು.

ಕಲ್ಲುಗಳು ಮತ್ತೆ ಕಂದಾದವು. ಡಾಕ್ಟರು ಆಟೋಕ್ಲೇವಿನ ಹತ್ತಿರಕ್ಕೂ ಕಲ್ಲನ್ನು ಒಯ್ಯಲಿಲ್ಲ. ಒಂದು ಸಲ ಮಾಡಿದ್ದನ್ನು ಇನ್ನೊಂದು ಸಲ ಮಾಡಲು ಮುಖ ಬೇಕಲ್ಲ. ಅತ್ತೆಯ ಊರಿನ ಶಾಲೆ ಶುರುವಾಗುವ ದಿನ ಹತ್ತಿರ ಬಂತು.

ಒಂದು ಮಧ್ಯಾಹ್ನ ಅತ್ತೆಯೇ ಫೋನ್ ಮಾಡಿದಳು. ಅಮ್ಮ ಊಟಕ್ಕೆಂದು ಲ್ಯಾಬಿನಿಂದ ಬಂದಿದ್ದಳು, ಡಾಕ್ಟರು ಒಬ್ಬರ ದವಡೆ ಹಲ್ಲು ಕಿತ್ತು ಆಗಷ್ಟೇ ಹೊರಗೆ ಬಂದಿದ್ದರು. ಸ್ಪೀಕರಿನಲ್ಲಿ ಅತ್ತೆ, ನಾಳೆ ಅಡ್ಮಿಷನ್ನಿಗೆ ಕೊನೆಯ ದಿನ, ಬರ್ತೀಯೇನಮ್ಮ, ನಿನ್ನ ತೊಟ್ಟಿ ಏನಾಯ್ತು ಎಂದು ಕೇಳಿದಳು. ನೋಡಿ ಹೇಳ್ತೀನಿ, ಲೈನಲ್ಲೇ ಇರಿ ಅತ್ತೆ ಎಂದು ಹುಡುಗಿ ಕೊಳವೆಯಲ್ಲಿ ನೀರು ಹಿಡಿದು, ಹನಿ ಹಾಕಿ, ಕುಲುಕಿದಳು. ಬಣ್ಣ ತಿರುಗುವವರೆಗೆ ನಾಲ್ವರೂ ಕಾದರು, ಫೋನಿನ ಆ ಕಡೆಯವಳೂ ಸೇರಿ.

ನಾನು ಬರೆದ ವಾಕ್ಯವನ್ನು ಇಲ್ಲಿ ಯಥಾವತ್ತಾಗಿ ಕೊಡುತ್ತೇನೆ: "ಕೊಳವೆಯಲ್ಲಿ ಅಪ್ಪಟ ಹಳದಿ."

"ಯಾವ ಬಣ್ಣ?" ಎಂದು ಡಾಕ್ಟರು ಕೇಳಿದರು. ಹಲ್ಲು ಕಚ್ಚಿಕೊಂಡು ಕೇಳಿದರು.

ಹುಡುಗಿ ಕೊಳವೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ನನ್ನ ವಾಕ್ಯವನ್ನೂ ನೋಡಿ, "ಹಸಿರು," ಎಂದಳು.

ಡಾಕ್ಟರು ಅವಳ ಮುಖ ನೋಡಿದರು, ಕೊಳವೆ ನೋಡಿದರು. ಕೊಳವೆಯಿಂದ ಅವರಿಗೆ ಏನೂ ತಿಳಿಯುವಂತಿರಲಿಲ್ಲ. ಕಂದು ಕಲ್ಲುಗಳನ್ನು ನೋಡಿದರು. ಆಮೇಲೆ ಹೆಂಡತಿಯ ಕಡೆ ತಿರುಗಿದರು. ಆಕೆ ಮಗಳ ಕೈಯಿಂದ ಕೊಳವೆ ಇಸಿದುಕೊಂಡು ಕಿಟಕಿಯ ಬಳಿಗೆ ಹೋದಳು. ಹಲ್ಲಿನ ಬಣ್ಣ ನೋಡುವಾಗ ಮಾಡುವಂತೆ ಒಂದು ಕಣ್ಣು ಕಿರಿದು ಮಾಡಿ, ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದಳು. ಬಣ್ಣದಲ್ಲಿ ಯಾವತ್ತೂ ತಪ್ಪದ ಹೆಂಗಸು. ನನ್ನ ಪರ ಸಾಕ್ಷಿ ಹೇಳಲು ಇನ್ನು ಉಳಿದಿದ್ದವಳು ಆಕೆ ಒಬ್ಬಳೇ.

"ಹೌದು," ಎಂದಳು. "ಹಸಿರೇ."

ಫೋನಿನ ಆ ಕಡೆ ಅತ್ತೆಗೂ ಏನೋ ಕಂಡಿರಬೇಕು, ಅಷ್ಟು ದೂರದಿಂದ. ಆಗಲಿ, ಪರದೆ ಎಲ್ಲಿ ಹೋಗುತ್ತೆ, ರಜೆಗೆ ಬಾ ಎಂದು ಇಟ್ಟಳು. ದನಿ ಕೊಂಚ ತಗ್ಗಿತ್ತು. ಅದಕ್ಕೆ ನಾನು ಏನೂ ಮಾಡುವಂತಿರಲಿಲ್ಲ.

ಹುಡುಗಿ ಕೊಳವೆ ತೊಳೆದು, ಡಾಕ್ಟರ ಇಕ್ಕಳ–ಕನ್ನಡಿಗಳ ತಟ್ಟೆಯಲ್ಲಿ ಮಗುಚಿಟ್ಟಳು.

"ನಾಳೆ ಮತ್ತೆ ನೋಡೋಣ, ಡಾಕ್ಟ್ರೇ," ಎಂದಳು.

೧೨

ಇದು ಕೊನೆಯಲ್ಲ. ನಾಳೆ ಅವಳು ಮತ್ತೆ ಕೊಳವೆ ಕುಲುಕುತ್ತಾಳೆ, ಏನು ಹೇಳುತ್ತಾಳೋ ಗೊತ್ತಿಲ್ಲ. ನಾಡಿದ್ದು ಮನಸ್ಸು ಬದಲಾಗಬಹುದು, ಮುಂದಿನ ವರ್ಷ ಇನ್ನೊಂದು ಶಾಲೆ ಇದ್ದೇ ಇದೆ. ಮೂವರನ್ನೂ ಪ್ರತ್ಯೇಕವಾಗಿ ಕರೆದು ಬಣ್ಣ ಯಾವುದಿತ್ತು, ನಿಜ ಹೇಳಿ ಎಂದು ವಿಚಾರಿಸಿದೆ. ಹುಡುಗಿ ಕೊಳವೆ ಒರೆಸತೊಡಗಿದಳು. ಅಮ್ಮ ನನ್ನ ಮುಂದಿನ ಹಲ್ಲಿನ ಕಡೆ ನೋಡಿದಳು. ಡಾಕ್ಟರು, ನನಗೆ ಬಣ್ಣ ಗೊತ್ತಾಗಲ್ಲ ಅಂತ ಬರೆದವರು ನೀವೇ ಅಲ್ವಾ ಎಂದು ನಕ್ಕರು. ಅವರು ನಕ್ಕದ್ದು ಈ ಕಥೆಯಲ್ಲಿ ಇದೇ ಮೊದಲು.

ಈಗಷ್ಟೇ ಸಂಪಾದಕರ ಮೆಸೇಜು ಬಂತು. ಪುಟ ಕಾಯುತ್ತಿದೆಯಂತೆ. ಪೂರ್ತಿ ಓದಿದರಂತೆ, ಎಲ್ಲ ಸರಿ, ಆದರೆ ಮೀನು ಎಲ್ಲಿ ಎಂದು ಕೇಳಿದ್ದಾರೆ. ನನ್ನ ಕರಡಿನಲ್ಲಿ 'ಅಪ್ಪಟ ಹಳದಿ' ಎಂಬ ವಾಕ್ಯ ಇನ್ನೂ ಹಾಗೇ ಇದೆ, ಹೊಡೆದುಹಾಕಿಲ್ಲ. ಅದನ್ನು ಮತ್ತೊಮ್ಮೆ ಓದಿಕೊಂಡು ಅವರಿಗೆ ಉತ್ತರ ಬರೆದೆ.

ಇನ್ನೂ ಹಳದಿ ಬಂದಿಲ್ಲ.